ಮಯ್ಯಿತ್ ಸ್ನಾನವೂ ಎಬೋಲಾವೂ: ಸಿಯೆರಾ ಲಿಯೋನ್ ಕಲಿತದ್ದು

ಮಯ್ಯಿತ್‌ಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಝಾ ನಮಾಝ್ ನಿರ್ವಹಿಸಿ ದಫನ ಮಾಡುವುದು ನಮ್ಮೆಲ್ಲರ ಮೇಲಿರುವ ಫರ್ಝ್ ಕಿಫಾಯ. ಆ ಸ್ನಾನವೇ ತೊಳೆಯುವವರ ಪ್ರಾಣಕ್ಕೆ ಕುತ್ತು ತಂದರೆ ಏನು ಮಾಡಬೇಕು? 2014ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಈ ಪ್ರಶ್ನೆಯನ್ನು ಎದುರಿಸಿತು. ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಮುಕ್ಕಾಲು ಪಾಲು ಮುಸ್ಲಿಮರು.

ಎಬೋಲಾ ವೈರಸ್ 1976ರಲ್ಲೇ ಮಧ್ಯ ಆಫ್ರಿಕಾದಲ್ಲಿ ಪತ್ತೆಯಾಗಿತ್ತು. ಆದರೆ ಈ ದೇಶಕ್ಕೆ ಅದು ಹೊಸ ಕಾಯಿಲೆ. ನೆರೆಯ ಗಿನಿಯ ರೋಗಿಗಳಿಗೆ ಮದ್ದು ಕೊಟ್ಟಿದ್ದ ಕೈಲಾಹುನ್ ಜಿಲ್ಲೆಯ ನಾಟಿ ವೈದ್ಯೆಯೊಬ್ಬರು ತೀರಿಕೊಂಡಾಗ ಸುತ್ತಲಿನ ಹಳ್ಳಿಗಳ ಜನ ಅಂತ್ಯಕ್ರಿಯೆಗೆ ನೆರೆದರು. ಆ ಒಂದೇ ಅಂತ್ಯಕ್ರಿಯೆಯ ನಂಟು 365 ಸಾವುಗಳವರೆಗೆ ಇರಬಹುದೆಂದು ಸ್ಥಳೀಯ ಆರೋಗ್ಯಾಧಿಕಾರಿಗಳು ಅಂದಾಜಿಸಿದರು. ಎಬೋಲಾದಿಂದ ಸತ್ತವರ ದೇಹದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ. ಕೆನೆಮಾ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಂತ ಡಾ. ಶೇಖ್ ಉಮರ್ ಖಾನ್ ಕೂಡ ಜುಲೈ 29ರಂದು ಇದೇ ರೋಗಕ್ಕೆ ಬಲಿಯಾದರು.

ಸರಕಾರ ಮೊದಲು ಹಿಡಿದದ್ದು ಆಜ್ಞೆಯ ದಾರಿ. ಸೆಪ್ಟೆಂಬರ್ 19ರಿಂದ 3 ದಿನ ಇಡೀ ದೇಶವನ್ನು ಮನೆಯೊಳಗೆ ಕೂರಿಸಿತು. ಸಾವು ಸಂಭವಿಸಿದರೆ 117ಕ್ಕೆ ಕರೆ ಮಾಡಬೇಕು. ಮೈತುಂಬ ರಕ್ಷಣಾ ಉಡುಪು ತೊಟ್ಟ ತಂಡ ಬಂದು ದೇಹವನ್ನು ಚೀಲಕ್ಕೆ ಹಾಕಿ ಒಯ್ಯುತ್ತಿತ್ತು. ಎಲ್ಲಿ ಹೂತರೆಂದು ಮನೆಯವರಿಗೇ ತಿಳಿಯದ ಸಂದರ್ಭಗಳಿದ್ದವು. ಪಕ್ಕದ ಲೈಬೀರಿಯಾದ ರಾಜಧಾನಿಯಲ್ಲಂತೂ ಶವಗಳನ್ನು ಸುಡಲು ಆದೇಶವಾಯಿತು. ಜನ ರೋಗಿಗಳನ್ನು ಬಚ್ಚಿಟ್ಟರು, ಗುಟ್ಟಾಗಿ ದಫನ ಮಾಡಿದರು. ಅವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ, ನಾವು ಜರೆಯಲಾರೆವು. ಹೆತ್ತ ತಾಯಿಯನ್ನು ಕಫನ್ ಇಲ್ಲದೆ, ದುಆ ಇಲ್ಲದೆ ಅಪರಿಚಿತರ ಕೈಗೆ ಒಪ್ಪಿಸಲು ಯಾರ ಮನಸ್ಸು ಒಪ್ಪೀತು?

ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕ್ರಮವನ್ನೇ ತಿದ್ದಿತು. ಹೊಸ ಸೋಂಕುಗಳಲ್ಲಿ ಕನಿಷ್ಠ ಶೇ. 20ರಷ್ಟು ಅಂತ್ಯಕ್ರಿಯೆಗಳಲ್ಲೇ ತಗಲುತ್ತಿವೆ ಎಂದು ಹೇಳಿದ ಅದು, ಮುಸ್ಲಿಮ್ ಹಾಗೂ ಕ್ರೈಸ್ತ ಸಂಘಟನೆಗಳ ಜೊತೆ ಕೂತು ಸುರಕ್ಷಿತ ಮತ್ತು ಗೌರವಯುತ ದಫನದ ನಿಯಮ ರೂಪಿಸಿತು. ನೀರಿನ ಸ್ನಾನದ ಬದಲು ತಯಮ್ಮುಮ್, ಬಿಳಿ ಕಫನ್, ಕುಟುಂಬದವರಿಗೆ ದೂರದಲ್ಲಿ ನಿಂತು ಪ್ರಾರ್ಥಿಸಲು ಅವಕಾಶ.

ಸಿಯೆರಾ ಲಿಯೋನ್‌ನಲ್ಲಿ ಇಮಾಮರು ಮತ್ತು ಪಾದ್ರಿಗಳು ಒಟ್ಟಾಗಿ ಈ ಮಾತನ್ನು ಜನರಿಗೆ ಮುಟ್ಟಿಸಿದರು. ಸಾಂಕ್ರಾಮಿಕ ಇರುವ ಊರಿಗೆ ಹೋಗಬೇಡಿ, ಅಲ್ಲಿರುವವರು ಹೊರಗೆ ಬರಬೇಡಿ ಎಂಬ ಪ್ರವಾದಿವರ್ಯರ(ಸ) ಆದೇಶ, ಪ್ಲೇಗ್‌ನಲ್ಲಿ ಮಡಿದವರಿಗೆ ಶಹೀದರ ಪ್ರತಿಫಲವಿದೆ ಎಂಬ ಸಾಂತ್ವನ ಅವರ ಬೆನ್ನಿಗಿದ್ದವು. (ಸ್ನಾನವಿಲ್ಲದೆ ದಫನ ಮಾಡುವ ನಿಯಮ ರಣರಂಗದ ಶಹೀದರಿಗೆ ಸಂಬಂಧಿಸಿದ್ದು; ಇಲ್ಲಿ ವಿನಾಯಿತಿ ಸಿಕ್ಕಿದ್ದು ಅನಿವಾರ್ಯತೆಯಿಂದ ಎಂಬುದನ್ನು ನಾವು ಬೆರೆಸಬಾರದು.) ಅಧಿಕಾರಿ ಹೇಳಿದಾಗ ಅವಮಾನವೆನಿಸಿದ್ದು, ತಮ್ಮದೇ ಮಸೀದಿಯ ಇಮಾಮರು ಹೇಳಿದಾಗ ದೀನಿನೊಳಗಿನ ರಿಯಾಯಿತಿಯಾಗಿ ಕಂಡಿತು.

2015ರ ನವೆಂಬರ್ 7ರಂದು ದೇಶ ಎಬೋಲಾಮುಕ್ತವೆಂದು ಘೋಷಣೆಯಾದಾಗ, ಸೋಂಕು ತಗಲಿದ್ದ 14 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 4 ಸಾವಿರ ಜನ ಅಲ್ಲಾಹನ ಕಡೆಗೆ ಮರಳಿದ್ದರು. ಎರಡು ತಿಂಗಳು ಕಳೆದ ಮೇಲೆ, 2016ರ ಜನವರಿ 12ರಂದು, ಮಗ್ಬುರಾಕಾ ಪಟ್ಟಣದಲ್ಲಿ 22ರ ಯುವತಿಯೊಬ್ಬಳು ಕೊನೆಯುಸಿರೆಳೆದಳು. ಆಸ್ಪತ್ರೆಗೆ ಹೋಗಿದ್ದಳು, ಅಲ್ಲಿಂದ ಮನೆಗೆ ಕಳುಹಿಸಿದ್ದರು. ಮಯ್ಯಿತ್ ಅನ್ನು ಎಂದಿನಂತೆ ತೊಳೆದರು. ಅದು ಎಬೋಲಾ ಎಂದು ಖಚಿತವಾದದ್ದು ದಫನದ ನಂತರ. ಆರೈಕೆ ಮಾಡಿ ಮಯ್ಯಿತ್ ತೊಳೆಯಲೂ ಕೈಜೋಡಿಸಿದ್ದ ಆಕೆಯ ಸಂಬಂಧಿ ಮಹಿಳೆಗೂ ಸೋಂಕು ತಗಲಿತು; ಆಕೆ ಗುಣಮುಖಳಾದಳು. ಮಾರ್ಚ್ 17ರಂದು ದೇಶ ಎರಡನೇ ಬಾರಿ ಎಬೋಲಾಮುಕ್ತವೆನಿಸಿತು.