ಯಾರ ಕೈಯ ಕಲ್ಲು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರ ಮನೆಗೋ ಕಷ್ಟ ಬಂದಿರಬೇಕು. ಆ ದಿನ ಕರೆಂಟು ಇತ್ತು. ಎದುರು ಮನೆಯಾಕೆ ಸೆರಗಿನಲ್ಲಿ ಎಫ್‌ಐಆರ್ ಪ್ರತಿ ಮುಚ್ಚಿಕೊಂಡು ಬಂದಳು.

"ಇದನ್ನ ಒಸಿ ಓದಿ ಹೇಳಕ್ಕ. ನನ್ನ ಮಗ ಕೈ ಎತ್ತಿಲ್ಲ. ಜೊತೇಲಿ ನಿಂತಿದ್ದ, ಅಷ್ಟೇ."

ಅವಳ ಮಗ ಐದನೆಯ ಆರೋಪಿ. ನನಗೆ ಎದೆ ಧಸಕ್ಕೆಂದದ್ದು ಆ ಐದಕ್ಕೇ. ಐದು ಅಥವಾ ಹೆಚ್ಚು ಜನ ಅಕ್ರಮ ಉದ್ದೇಶಕ್ಕೆ ಕೂಡಿದರೆ, ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧ ಎಲ್ಲರ ತಲೆಗೂ ಬರುತ್ತದೆ. ಹಳೆಯ ದಂಡಸಂಹಿತೆಯ 149ನೆಯ ಕಲಂ ಅದು. 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 190 ಆಗಿದೆ. ನಂಬರು ಬದಲಾಯಿತು, ತಾಯಂದಿರ ಅಳು ಬದಲಾಗಲಿಲ್ಲ.

ಹುಡುಗಿಯಾಗಿದ್ದಾಗ ನಿರಂಜನರ 'ಚಿರಸ್ಮರಣೆ' ಓದಿ ಅತ್ತಿದ್ದೆ. ಅದರ ಹಿಂದಿನ ನಿಜಸಂಗತಿ ಕಾಸರಗೋಡಿನ ಕಯ್ಯೂರಿನದು. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1941ರ ಮಾರ್ಚ್ 28ರಂದು, ಪೋಲೀಸರ ದೌರ್ಜನ್ಯ ಪ್ರತಿಭಟಿಸಿ ಹೊರಟ ರೈತರ ಮೆರವಣಿಗೆಗೆ ಸುಬ್ಬರಾಯನೆಂಬ ಪೇದೆ ಎದುರಾದ. ಅವನ ಕೈಗೂ ಬಾವುಟ ಕೊಟ್ಟು ನಡೆಸಿದರು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ದಡದಿಂದ ಕಲ್ಲುಗಳು ಬಿದ್ದವು, ಮುಳುಗಿ ಸತ್ತ.

ಯಾರ ಕೈಯ ಕಲ್ಲು? ಹೊಳೆಯ ನೀರು ಹೇಳೀತೇ? 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡ, ಕುಞಂಬು, ಅಬೂಬಕರ್ ನಾಲ್ವರನ್ನೂ ಕಣ್ಣಾನೂರು ಜೈಲಿನಲ್ಲಿ ಗಲ್ಲಿಗೇರಿಸಿದರು.

ಆದರೂ ಕಾನೂನನ್ನು ಬೈಯಲು ನನಗೆ ಬಾಯಿ ಬಾರದು. ಸುಬ್ಬರಾಯನೂ ಒಬ್ಬ ತಾಯಿಯ ಮಗ. ಹತ್ತು ಜನ ಮುತ್ತಿಕೊಂಡಾಗ ಪೆಟ್ಟು ತಿನ್ನುವವನು ಕೈಗಳನ್ನು ಎಣಿಸಿಟ್ಟುಕೊಂಡಾನೆಯೇ? ಬರೀ ನೋಡಲು ನಿಂತವನು ಗುಂಪಿನವನಲ್ಲ ಎಂದು ನ್ಯಾಯಾಲಯಗಳೇ ಹೇಳಿವೆ. ಅವನು ನೋಡುತ್ತ ನಿಂತಿದ್ದನೋ, ಕೂಡಿಕೊಂಡು ನಿಂತಿದ್ದನೋ ಎಂಬುದು ಮಾತ್ರ ಸಾಕ್ಷಿಗಳ ಬಾಯಲ್ಲಿ. ಅಲ್ಲಿಯವರೆಗೆ ಮನೆಯವರು ಕೋರ್ಟಿಗೆ ಅಲೆಯಬೇಕು, ಒಡವೆ ಗಿರವಿಗೆ ಹೋಗಬೇಕು.

ಇದನ್ನೆಲ್ಲ ಅವಳಿಗೆ ಹೇಗೆ ಹೇಳಲಿ? ವಕೀಲರ ಬಳಿ ಹೋಗುವಾಗ ಜೊತೆಗೆ ಬರುತ್ತೇನೆ ಎಂದೆ. ಕಯ್ಯೂರಿನಲ್ಲಿ ಕೃಷ್ಣನ್ ನಾಯರ್ ಎಂಬ ಐದನೆಯವನು ಇನ್ನೂ ಹುಡುಗನೆಂದು ನೇಣಿನಿಂದ ಉಳಿದದ್ದು ನೆನಪಾಗಿ, "ನಿನ್ನ ಮಗನಿಗೆ ಎಷ್ಟು ವಯಸ್ಸೇ?" ಎಂದು ಕೇಳಿದೆ.

"ಯುಗಾದಿಗೆ ಹತ್ತೊಂಬತ್ತು ತುಂಬ್ತಕ್ಕ," ಎಂದಳು.