ಸರ್ವಧರ್ಮ ಪ್ರಾರ್ಥನಾ ಸಭೆ: ಸ್ವರೂಪ ಮತ್ತು ಫಲ

ಭಿನ್ನ ಮತಗಳ, ಭಿನ್ನ ಪಕ್ಷಗಳ ಮುಖಂಡರು ಒಂದೆಡೆ ಕುಳಿತು ದೇವರನ್ನು ಸ್ಮರಿಸಿ, ನಾಡಿನ ಐಕ್ಯಕ್ಕಾಗಿ ಸಂಕಲ್ಪ ಮಾಡುವ ಸಭೆಯನ್ನು ನಾವು ಸರ್ವಧರ್ಮ ಪ್ರಾರ್ಥನಾ ಸಭೆಯೆಂದು ಕರೆಯುತ್ತೇವೆ. ಭಾರತದ ಸಾರ್ವಜನಿಕ ಜೀವನದಲ್ಲಿ ಇದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟವರು ಮಹಾತ್ಮ ಗಾಂಧೀಜಿಯವರು.

ಅವರ ಆಶ್ರಮದಲ್ಲಿ ಪ್ರಾತಃಕಾಲ ಮತ್ತು ಸಾಯಂಕಾಲ ಪ್ರಾರ್ಥನೆ ನಡೆಯುತ್ತಿತ್ತು. ಈಶಾವಾಸ್ಯೋಪನಿಷತ್ತಿನ ಮಂತ್ರ, ಗೀತೆಯ ಸ್ಥಿತಪ್ರಜ್ಞ ಲಕ್ಷಣದ ಶ್ಲೋಕಗಳು, ಭಜನೆ, ರಾಮಧುನ್ ಇವುಗಳೊಡನೆ ಕಾಲಕ್ರಮದಲ್ಲಿ ಕುರಾನಿನ ವಾಕ್ಯಗಳು, ಪಾರಸಿ ಪ್ರಾರ್ಥನೆ ಹಾಗೂ ಬೌದ್ಧ ಮಂತ್ರವೂ ಸೇರಿದವು.

ಈ ಶಿಸ್ತಿಗೂ ನಮ್ಮ ಸೀಮೆಗೂ ನಂಟಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಸಾಬರಮತಿ ಆಶ್ರಮದಲ್ಲಿದ್ದು, 1930ರ ದಂಡಿ ಯಾತ್ರೆಯಲ್ಲಿ ಹೆಜ್ಜೆ ಹಾಕಿದ ಕನ್ನಡಿಗರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಹುತಾತ್ಮರಾದರು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿಯವರೇ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮಾರ್ಗವಾಗಿ ಸಂಚರಿಸಿ ಅಸ್ಪೃಶ್ಯತೆಯ ನಿವಾರಣೆಯನ್ನು ಬೋಧಿಸಿದರು. ಒಟ್ಟಿಗೆ ಪ್ರಾರ್ಥಿಸುವವರು ಒಟ್ಟಿಗೆ ಬಾಳಲೂ ಬೇಕೆಂಬುದು ಅವರ ನಿಲುವಾಗಿತ್ತು.

ಆ ನಿಲುವಿಗೆ ಕಠಿಣ ಪರೀಕ್ಷೆ ಒದಗಿದ್ದು 1947ರಲ್ಲಿ. ದೆಹಲಿಯ ಸಭೆಯಲ್ಲಿ ಕುರಾನ್ ಪಠಣಕ್ಕೆ ಕೆಲವರು ಆಕ್ಷೇಪವೆತ್ತಿದರು. ಗಾಂಧೀಜಿಯವರು ಪಠಣವನ್ನು ಕೈಬಿಟ್ಟು ಉಳಿದುದನ್ನು ಮುಂದುವರಿಸಲು ಒಪ್ಪಲಿಲ್ಲ. ಆಕ್ಷೇಪಿಸಿದವರನ್ನು ಬಲದಿಂದ ಹೊರಗಟ್ಟಲೂ ಒಪ್ಪಲಿಲ್ಲ. ಅಂದಿನ ಪ್ರಾರ್ಥನೆಯನ್ನೇ ನಿಲ್ಲಿಸಿದರು. ವಿರೋಧಿಯ ಮನವೊಲಿಯುವವರೆಗೆ ಕಾಯುವುದೂ ಪ್ರಾರ್ಥನೆಯ ಅಂಗವೆಂದು ಅವರು ತೋರಿಸಿಕೊಟ್ಟರು.

ಇದರ ಫಲ ಕಂಡದ್ದು 1948ರ ಜನವರಿಯಲ್ಲಿ. ದೆಹಲಿಯ ಶಾಂತಿಗಾಗಿ 13ರಂದು ಅವರು ಉಪವಾಸ ಆರಂಭಿಸಿದರು. 18ರಂದು ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ವಿವಿಧ ಸಮುದಾಯಗಳ ಪ್ರತಿನಿಧಿಗಳು ಲಿಖಿತ ಪ್ರತಿಜ್ಞೆಯೊಂದಿಗೆ ಬಂದರು. ವಶಪಡಿಸಿಕೊಂಡ ಮಸೀದಿಗಳನ್ನು ಮರಳಿಸುವುದು, ಮುಸಲ್ಮಾನರು ನಿರ್ಭಯವಾಗಿ ಓಡಾಡುವಂತೆ ಮಾಡುವುದು, ಮೆಹರೌಲಿಯ ಉರುಸು ಎಂದಿನಂತೆ ನಡೆಯಲು ನೆರವಾಗುವುದು ಅದರಲ್ಲಿದ್ದವು. ಇವೆಲ್ಲವನ್ನೂ ಪೊಲೀಸರ, ಸೈನ್ಯದ ಬಲವಿಲ್ಲದೆ ಸ್ವಪ್ರಯತ್ನದಿಂದ ಸಾಧಿಸುವೆವೆಂದು ಅವರು ಮಾತು ಕೊಟ್ಟರು. ಹಲವು ಧರ್ಮಗಳ ಪ್ರಾರ್ಥನೆಯ ಬಳಿಕ ಮೌಲಾನಾ ಆಜಾದರ ಕೈಯಿಂದ ಹಣ್ಣಿನ ರಸ ಸ್ವೀಕರಿಸಿ ಗಾಂಧೀಜಿಯವರು ಉಪವಾಸ ಮುಗಿಸಿದರು. 27ರಂದು ಮೆಹರೌಲಿಯ ಉರುಸಿಗೂ ಹೋಗಿಬಂದರು. 30ರ ಸಂಜೆ ಪ್ರಾರ್ಥನೆಗೆ ನಡೆದು ಬರುತ್ತಿರುವಾಗಲೇ ಗುಂಡಿಗೆ ಬಲಿಯಾದರು.

ಬಸವಾದಿ ಶರಣರ ಪರಂಪರೆಯಲ್ಲಿ ಬಂದ ನಮಗೆ ಈ ಕ್ರಮ ಅಪರಿಚಿತವಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯರಂಥವರು ಸಮಾನರಾಗಿ ಕುಳಿತರೆಂಬುದು ನಮ್ಮ ಪರಂಪರೆಯ ನಂಬಿಕೆ. ಆ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರ ರಾಣೇಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರೂ ಇದೇ ಜಿಲ್ಲೆಯವರು.

ಹಬ್ಬ, ಉರುಸುಗಳ ಮುನ್ನ ನಮ್ಮ ಊರುಗಳಲ್ಲಿ ಶಾಂತಿ ಸಭೆಗಳು ಸೇರುತ್ತವೆ. ವೇದಿಕೆಯ ಮೇಲೆ ಹಿರಿಯರು ಕೈ ಜೋಡಿಸಿದ ಮಾತ್ರಕ್ಕೆ ಓಣಿಯ ಮನಸ್ತಾಪ ಕರಗದು. ಅಸಮಾಧಾನಗೊಂಡವನ ಮಾತು ಕೇಳಿದೆವೆ? ಯಾರು ಏನು ಮಾಡುವರೆಂದು ಬರೆದುಕೊಂಡೆವೆ? ಸಭೆ ಮುಗಿದ ಮೇಲೆ ನೊಂದವರ ಮನೆಗೆ ಹೋದೆವೆ? ಈ ಮೂರಕ್ಕೂ ಹೌದೆನ್ನಲು ಸಾಧ್ಯವಾದಾಗ ನುಡಿ ನಡೆಯಾಗುತ್ತದೆ, ಪ್ರಾರ್ಥನೆ ಫಲಿಸುತ್ತದೆ.