ಮ್ಯಾಪ್‌ನಲ್ಲಿ ಕಾಣುವ ‘ದೈತ್ಯ ಉಂಗುರ’, ‘ಅಸುರರ ಗೋಡೆ’: ಸವದತ್ತಿ ಸೀಮೆಯ ಬೆಟ್ಟಗಳ ನಿಜವೇನು?

ಉಪಗ್ರಹ ನಕ್ಷೆಯ ಒಂದು ಸ್ಕ್ರೀನ್‌ಶಾಟ್, ಅದರ ಮೇಲೆ ಕೆಂಪು ವೃತ್ತ, ಎರಡು ಬಾಣದ ಗುರುತು, ಕೆಳಗೆ ‘ವಿಜ್ಞಾನಿಗಳು ಮುಚ್ಚಿಟ್ಟ ಸತ್ಯ’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಒಂದರಲ್ಲಿ ಸಹಾರಾ ಮರುಭೂಮಿಯ ಉಂಗುರ ಅಟ್ಲಾಂಟಿಸ್ ನಗರವಾಗುತ್ತದೆ. ಇನ್ನೊಂದರಲ್ಲಿ ಟರ್ಕಿಯ ದೋಣಿಯಾಕಾರದ ದಿಬ್ಬ ನೋಹನ ಹಡಗಾಗುತ್ತದೆ. ಇದೇ ಕಣ್ಣಿನಿಂದ ಹುಡುಕಿದರೆ ನಮ್ಮಲ್ಲೂ ಉಂಗುರಗಳಿಗೆ, ಗೋಡೆಗಳಿಗೆ ಬರವಿಲ್ಲ. ಸವದತ್ತಿ, ರಾಮದುರ್ಗದಿಂದ ಲೋಕಾಪುರ, ಬಾಗಲಕೋಟೆಯವರೆಗೆ ಮ್ಯಾಪ್ ಸರಿಸುತ್ತಾ ಹೋಗಿ ನೋಡಿ. ಬೆಟ್ಟದ ಸಾಲುಗಳು ಬಾಗಿ, ತಿರುಗಿ, ಕೆಲವೆಡೆ ಉದ್ದನೆಯ ದೋಣಿಯಂತೆ ಕೂಡಿಕೊಳ್ಳುತ್ತವೆ.

ಉಲ್ಕೆ ಬಿದ್ದ ಗುಂಡಿಯೇ? ಪುರಾತನ ಕೋಟೆಯೇ? ಎರಡೂ ಅಲ್ಲ.

ಉಂಗುರ ಹೇಗೆ ಬಂತು?

ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಮರಳು, ಕೆಸರು, ಸುಣ್ಣ ಪದರಪದರವಾಗಿ ಕೂತು ಕಲ್ಲಾದವು. ಮರಳಿನ ಪದರ ಗಟ್ಟಿಯಾಗಿ ಕ್ವಾರ್ಟ್‌ಜೈಟ್ ಎಂಬ ಬೆಣಚುಕಲ್ಲಾಯಿತು. ಆಮೇಲೆ ಭೂಮಿಯ ಒತ್ತಡಕ್ಕೆ ಈ ಪದರಗಳು ಮಡಿಚಿಕೊಂಡವು.

ಮನೆಯ ಕೌದಿಯನ್ನು ನೆಲಕ್ಕೆ ಹಾಸಿ ಎರಡೂ ಬದಿಯಿಂದ ಒತ್ತಿ. ಉಬ್ಬು, ತಗ್ಗು ಏಳುತ್ತವೆ. ಈಗ ಉಬ್ಬಿದ ಭಾಗದ ತುದಿಯನ್ನು ಕತ್ತರಿಯಿಂದ ಸಪಾಟಾಗಿ ಕತ್ತರಿಸಿದರೆ (ಮನೆಯಲ್ಲಿ ಬೈಗುಳ ಖಚಿತ, ಕಲ್ಪಿಸಿಕೊಂಡರೆ ಸಾಕು) ಒಳಗಿನ ಸೀರೆಯ ಪದರಗಳು ಒಂದರೊಳಗೊಂದು ಉಂಗುರವಾಗಿ ಕಾಣುತ್ತವೆ. ಇಲ್ಲಿ ಕತ್ತರಿಯ ಕೆಲಸ ಮಾಡಿದ್ದು ಮಳೆ ಮತ್ತು ಹಳ್ಳ. ಮೆತ್ತನೆಯ ಪದರ ಸವೆದು ಬಯಲಾಯಿತು, ಬೆಣಚುಕಲ್ಲು ಸವೆಯದೆ ಸಾಲುಬೆಟ್ಟವಾಗಿ ನಿಂತಿತು. ಸಹಾರಾದ ರಿಚಾಟ್ ಎಂಬ ಉಂಗುರವೂ ಹೀಗೆಯೇ ಆದದ್ದು. ಸುಮಾರು 40 ಕಿ.ಮೀ. ಅಗಲದ ಅದು ಗುಮ್ಮಟದಂತೆ ಮೇಲೆದ್ದು ಸವೆದ ಪದರಗಳ ಗುಡ್ಡ.

ಇದನ್ನು ಯಾರೂ ಮುಚ್ಚಿಟ್ಟಿಲ್ಲ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳ ವಿವರವಾದ ವರದಿ ಪ್ರಕಟಿಸಿದ್ದು 1876ರಲ್ಲಿ. ಆಗ ಉಪಗ್ರಹವಿರಲಿಲ್ಲ, ವಿಮಾನವೂ ಇರಲಿಲ್ಲ. ಕಲಾದಗಿ ಊರಿನ ಹೆಸರಲ್ಲೇ ಈ ಶಿಲೆಗಳನ್ನು ಇಂದಿಗೂ ಕರೆಯುತ್ತಾರೆ. ಆ ಸರಣಿಯಲ್ಲಿ ‘ರಾಮದುರ್ಗ’ ಎಂಬ ಶಿಲಾಘಟಕವಿದೆ, ಅದರೊಳಗೆ ‘ಸವದತ್ತಿ ಕ್ವಾರ್ಟ್‌ಜೈಟ್’ ಇದೆ. ನಮ್ಮ ಊರುಗಳ ಹೆಸರು ಭೂವಿಜ್ಞಾನದ ಪುಸ್ತಕದಲ್ಲಿ ಬಹಿರಂಗವಾಗಿ ಕೂತಿದೆ.

ಹಾಗಾದರೆ ಉಲ್ಕೆಯ ಗುಂಡಿಯನ್ನು ಗುರುತಿಸುವುದು ಹೇಗೆ?

ಮಹಾರಾಷ್ಟ್ರದ ಲೋಣಾರ್ ಸರೋವರ ನಿಜವಾಗಿಯೂ ಉಲ್ಕೆ ಬಿದ್ದು ಆದದ್ದು. ಸುಮಾರು 1.8 ಕಿ.ಮೀ. ಅಗಲದ ಆ ದುಂಡು ಗುಂಡಿ 19ನೇ ಶತಮಾನದಲ್ಲೇ ಎಲ್ಲರಿಗೂ ಗೊತ್ತಿತ್ತು. ಆದರೂ ಬಹುಕಾಲ ಅದನ್ನು ಜ್ವಾಲಾಮುಖಿಯ ಕೆಲಸ ಎಂದೇ ಹಲವರು ನಂಬಿದ್ದರು. ವಾದ ತೀರ್ಮಾನವಾದದ್ದು 1970ರ ದಶಕದಲ್ಲಿ, ಅಲ್ಲಿನ ಕಲ್ಲಿನಲ್ಲಿ ಮಸ್ಕೆಲಿನೈಟ್ ಎಂಬ ಗಾಜಿನಂಥ ವಸ್ತು ಸಿಕ್ಕಾಗ. ಭಾರೀ ಆಘಾತದ ಒತ್ತಡವಿಲ್ಲದೆ ಅದು ಹುಟ್ಟುವುದಿಲ್ಲ. ಎಷ್ಟೇ ದುಂಡಗಿದ್ದರೂ ಬರೀ ಆಕಾರ ನೋಡಿ ಯಾರೂ ತೀರ್ಪು ಕೊಡಲಿಲ್ಲ. ಫಾರ್ವರ್ಡ್ ಬರೆಯುವವರು ಬಿಟ್ಟುಬಿಡುವುದು ಈ ಹಂತವನ್ನೇ: ಅವರು ಕಲ್ಲನ್ನು ಕೈಯಲ್ಲಿ ಹಿಡಿದಿರುವುದಿಲ್ಲ.

ಸವದತ್ತಿಯ ಬೆಣಚುಕಲ್ಲಿನ ಮೇಲೆ ಸಿಗುವುದು ಬೇರೆಯದೇ ಸಾಕ್ಷಿ. ಹೊಳೆದಂಡೆಯ ಮರಳಿನ ಮೇಲೆ ನೀರು ಬಿಟ್ಟುಹೋಗುವಂಥ ಅಲೆಯ ಗೆರೆಗಳು, ಕಲ್ಲಾಗಿ.

‘ಜೋಡಿಸಿದ ಕಲ್ಲಿನ ಗೋಡೆ’

ಬೆಣಚುಕಲ್ಲು ನೇರ ಬಿರುಕುಗಳಲ್ಲಿ ಒಡೆಯುತ್ತದೆ. ಬಿರುಕುಗಳು ಒಂದನ್ನೊಂದು ಅಡ್ಡ ಹಾಯ್ದಾಗ ಚೌಕ ಚೌಕದ ತುಂಡುಗಳಾಗಿ ಕೆತ್ತಿ ಜೋಡಿಸಿದಂತೆಯೇ ಕಾಣುತ್ತದೆ. ಸವದತ್ತಿ ಹತ್ತಿರವೇ ಪರಸಗಡದ ನಿಜವಾದ ಕೋಟೆಯೂ ಇರುವುದರಿಂದ ಗೊಂದಲ ಸಹಜ. ಮನುಷ್ಯ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಬಿಡಿಬಿಡಿ. ಪ್ರಕೃತಿಯ ಗೋಡೆಯಲ್ಲಿ ಪದರ ಒಂದು ತುಂಡಿನಿಂದ ಪಕ್ಕದ ತುಂಡಿಗೆ ಹಾಗೆಯೇ ಮುಂದುವರಿಯುತ್ತದೆ. ಮ್ಯಾಪ್‌ನಲ್ಲಿ ಗೆರೆ ಕಂಡಿತೆಂದು ‘ನಿಧಿ’ಗೆ ಗುದ್ದಲಿ ಹಿಡಿಯುವವರಿಗೆ ಒಂದು ಮಾತು: ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು 1878ರಿಂದಲೇ ಇದೆ.

ನದಿ ಬೆಟ್ಟವನ್ನು ಸೀಳುವುದುಂಟೇ?

ನವಿಲುತೀರ್ಥದಲ್ಲಿ ಮಲಪ್ರಭೆ ಸುತ್ತುಹಾಕದೆ ನೇರವಾಗಿ ಬೆಟ್ಟದ ಸಾಲನ್ನು ಕತ್ತರಿಸಿಕೊಂಡು ಹೋಗುತ್ತಾಳೆ. ನೀರು ಏರು ಹತ್ತುವುದಿಲ್ಲವಲ್ಲ, ಹಾಗಾದರೆ ಯಾರೋ ಕಡಿದಿರಬೇಕು ಎಂಬ ತರ್ಕ ಮೇಲುನೋಟಕ್ಕೆ ಸರಿ ಎನಿಸುತ್ತದೆ. ಆದರೆ ನದಿ ಈಗಿನ ಬಯಲಿನ ಮಟ್ಟದಲ್ಲಿ ಬಂದು ಬೆಟ್ಟಕ್ಕೆ ಡಿಕ್ಕಿ ಹೊಡೆಯಲಿಲ್ಲ. ಇಂಥ ಕಣಿವೆಗಳಲ್ಲಿ ನದಿ ಮೊದಲು ಹರಿಯುವುದು ಎತ್ತರದ ನೆಲದ ಮೇಲೆ. ಅಕ್ಕಪಕ್ಕದ ಮೆತ್ತನೆಯ ನೆಲ ಸವೆದು ಇಳಿಯುತ್ತಿದ್ದಂತೆ ಬೆಟ್ಟ ಹೊರಗೆ ಕಾಣತೊಡಗುತ್ತದೆ, ನದಿ ತನ್ನ ದಾರಿಯಲ್ಲೇ ಗರಗಸದಂತೆ ಕೊರೆಯುತ್ತಾ ಕೆಳಗಿಳಿಯುತ್ತದೆ. ಆ ಇಕ್ಕಟ್ಟಿನಿಂದ ನಮಗೆ ಲಾಭವೇ ಆಯಿತು. ಸುಮಾರು 155 ಮೀಟರ್ ಉದ್ದದ ಅಣೆಕಟ್ಟೆ 37 ಟಿಎಂಸಿಗೂ ಹೆಚ್ಚು ನೀರನ್ನು ಹಿಡಿದಿಡುತ್ತದೆ.

ನೆರಳು ಮತ್ತು ಗೆರೆ

ಭೂಮಿಯ ಚಿತ್ರ ತೆಗೆಯುವ ಹಲವು ಉಪಗ್ರಹಗಳು ಬೆಳಿಗ್ಗೆ ಹತ್ತು ಹತ್ತೂವರೆಗೆ ನಮ್ಮ ಮೇಲೆ ಹಾಯುತ್ತವೆ. ಆಗ ಬಿಸಿಲು ಬಹುಪಾಲು ತಿಂಗಳು ಆಗ್ನೇಯದಿಂದ, ಅಂದರೆ ಚಿತ್ರದ ಕೆಳಗಿನ ಬಲ ಮೂಲೆಯಿಂದ ಬೀಳುತ್ತದೆ. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬಂದು ಅಭ್ಯಾಸ. ಹಾಗಾಗಿ ಬೆಟ್ಟ ಗುಂಡಿಯಂತೆ, ಕಣಿವೆ ದಿಬ್ಬದಂತೆ ಕಾಣಬಹುದು. ಫೋನನ್ನು ತಲೆಕೆಳಗು ಮಾಡಿ ನೋಡಿ, ಎಷ್ಟೋ ‘ಗುಂಡಿ’ಗಳು ಅಲ್ಲೇ ಬೆಟ್ಟವಾಗುತ್ತವೆ.

2009ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ‘ಬೀದಿಗಳು’ ಕಂಡವೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆಳ ಅಳೆಯುತ್ತಾ ಸಾಗಿದ ಹಡಗುಗಳ ಜಾಡು ಅದು ಎಂದು ಗೂಗಲ್ ಸ್ಪಷ್ಟಪಡಿಸಿತು.

ರೇಣುಕಾ ಸಾಗರದ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆದ ಚಿತ್ರದಲ್ಲಿ ತೇವದ ನೆಲದ ಮೇಲೆ ಚೌಕ ಗೆರೆಗಳು ಕಾಣಿಸಿದರೆ ‘ಮುಳುಗಿದ ನಾಗರಿಕತೆ’ ಎಂದು ಕಳಿಸುವ ಮುನ್ನ ಊರಿನ ಹಿರಿಯರಿಗೆ ಆ ಚಿತ್ರ ತೋರಿಸಿ. ಅಣೆಕಟ್ಟೆಯಲ್ಲಿ ನೀರು ನಿಂತದ್ದು 1970ರ ದಶಕದಲ್ಲಿ. ಅಲ್ಲಿರುವುದು ಹೊಲದ ಬದುಗಳು, ಹಳೆಯ ದಾರಿಗಳು. ಕೆಲವು ಈ ವರ್ಷ ನೀರು ಇಳಿದ ಮೇಲೆ ಉತ್ತವು, ಕೆಲವು ಮುಳುಗಡೆಗೆ ಮುಂಚಿನವು. ಯಾವ ಬದು ಯಾರದ್ದಾಗಿತ್ತು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ.